ಗೆಳೆಯನ ಮದುವೆ ಮುಗೀತು, ಈಗ ನಾವೆಲ್ಲಿ ನಿಲ್ಲಬೇಕು?

ಅರಸೀಕೆರೆ ಪ್ಯಾಸೆಂಜರ್

ಮದುವೆ ಮನೆಯಲ್ಲಿ ಎಲ್ಲರಿಗೂ ಒಂದೊಂದು ಜಾಗ ಇದೆ, ಗಮನಿಸಿದ್ದೀರಾ? ಹುಡುಗಿಯನ್ನು ಮಂಟಪಕ್ಕೆ ಕರೆತರಲು ಸೋದರಮಾವ ಬೇಕು. ಕಳಸ ಹಿಡಿಯಲು ಕಳಸಗಿತ್ತಿ ಬೇಕು. ಅರಳು ಹಾಕಲು ಹುಡುಗಿಯ ಅಣ್ಣನೋ ತಮ್ಮನೋ ಬೇಕು, ಅದಕ್ಕೆ ಅವನಿಗೆ ಬಟ್ಟೆಯೂ ಸಿಗುತ್ತದೆ. ಅತ್ತೆ, ಚಿಕ್ಕಪ್ಪ, ದೊಡ್ಡಮ್ಮ ಯಾರನ್ನೂ ಬಿಟ್ಟಿಲ್ಲ. ಒಬ್ಬರನ್ನು ಕರೆಯೋದು ಮರೆತರೂ ಜನ್ಮಪೂರ್ತಿ ಮಾತು ಬಿಡುತ್ತಾರೆ. ಸ್ನೇಹಿತನಿಗೆ ಮಾತ್ರ ಒಂದು ಶಾಸ್ತ್ರವೂ ಇಲ್ಲ.

ಹೋದ ವಾರ ನನ್ನ ಗೆಳೆಯನ ಮದುವೆ ಚನ್ನರಾಯಪಟ್ಟಣದ ಒಂದು ಛತ್ರದಲ್ಲಿ ಆಯಿತು. ಪಿಯುಸಿಯಿಂದ ಜೊತೆ ನಾವು. ಹಾಸನದಲ್ಲಿ ಇಂಜಿನಿಯರಿಂಗ್, ಆಮೇಲೆ ಬೆಂಗಳೂರಿನ ವಿಜಯನಗರದಲ್ಲಿ ಒಂದೇ ಮನೆ. ಅವನ ಅಪ್ಪನಿಗೆ ಹಾರ್ಟ್ ಆಪರೇಷನ್ ಆದಾಗ ಆಸ್ಪತ್ರೆ ವರಾಂಡದಲ್ಲಿ ಪಕ್ಕದಲ್ಲಿ ಮಲಗಿದ್ದವನು ನಾನು. ನನ್ನ ಕೆಲಸ ಹೋದಾಗ ನನ್ನ ಪಾಲಿನ ಬಾಡಿಗೆಯನ್ನೂ ಕಟ್ಟಿ, ಅದರ ಸುದ್ದಿಯೇ ಎತ್ತದೆ ಇದ್ದವನು ಅವನು.

ಮದುವೆಯಲ್ಲಿ ನನ್ನ ಕೆಲಸ ಏನಿತ್ತು ಅಂದರೆ, ಚಪ್ಪರದ ದಿನ ಗರಿ ಕಟ್ಟಿಸಿದೆ. ಅಡುಗೆಯವರು ಕೊತ್ತಂಬರಿ ಸಾಲದು ಅಂದಾಗ ಬೈಕ್ ತೆಗೆದುಕೊಂಡು ಮಾರ್ಕೆಟ್ಟಿಗೆ ಓಡಿದೆ. ಆರತಕ್ಷತೆಯ ರಾತ್ರಿ ಅವನ ಮೊಬೈಲು, ಪರ್ಸು, ಶೂ ಕಾದೆ. ಫೋಟೋದವನು "ಫ್ರೆಂಡ್ಸ್ ಎಲ್ಲಾ ಒಟ್ಟಿಗೇ ಬಂದುಬಿಡಿ ಸಾರ್, ಟೈಮಿಲ್ಲ" ಅಂದ. ಕಾಲೇಜು, ಆಫೀಸು, ಕ್ರಿಕೆಟ್ ಟೀಮು ಎಲ್ಲ ಸೇರಿ ಒಂದೇ ಕ್ಲಿಕ್ಕು. ನಾನೂ ಅದರೊಳಗೇ.

ಬೆಳಿಗ್ಗೆ ಮುಹೂರ್ತಕ್ಕೆ ಮಂಟಪದ ಸುತ್ತ ಕ್ಯಾಮೆರಾದವರು, ಅವರ ಹಿಂದೆ ನೆಂಟರು. ನನಗೆ ಕಾಣಿಸಿದ್ದು ಬೆನ್ನುಗಳು ಮಾತ್ರ. ಹಾಗಾಗಿ ಪಕ್ಕದ ಎಲ್‌ಇಡಿ ಪರದೆ ನೋಡುತ್ತಾ ನಿಂತೆ. ಆ ಪರದೆ ಸ್ವಲ್ಪ ನಿಧಾನ ಇತ್ತು. ಗಟ್ಟಿಮೇಳ ಮೊದಲು ಕೇಳಿಸಿತು. ಜನ ಅಕ್ಷತೆ ಎಸೆದಿದ್ದೂ ಆಯಿತು. ಆಮೇಲೆ ಪರದೆಯಲ್ಲಿ ಅವನು ತಾಳಿ ಕಟ್ಟಿದ. ಅಕ್ಷತೆ ಇನ್ನೂ ನನ್ನ ಕೈಯಲ್ಲೇ ಇತ್ತು.

ಹೊಟ್ಟೆಕಿಚ್ಚು ಅಂದುಕೊಳ್ಳಬೇಡಿ. ಹುಡುಗಿ ಒಳ್ಳೆಯವರು, ನನ್ನ ಹತ್ತಿರವೂ ಚೆನ್ನಾಗಿ ಮಾತಾಡಿದರು. ನನಗೆ 31, ಅಮ್ಮ ದಿನಾ ಕೇಳುತ್ತಾರೆ, ಆದರೆ ನನ್ನ ತಲೆಬಿಸಿ ಅದಲ್ಲ. ವಾಪಸ್ ಬಂದ ಮೇಲೆ ಒಂದು ರಾತ್ರಿ ಆಫೀಸಿನಲ್ಲಿ ಏನೋ ಕಿರಿಕ್ ಆಯಿತು. ಹನ್ನೊಂದು ಗಂಟೆ. ಫೋನ್ ಕೈಗೆ ತೆಗೆದುಕೊಂಡು, ಮಾಡೋದಾ ಬೇಡ್ವಾ ಅಂತ ಮೊದಲ ಸಲ ಯೋಚನೆ ಮಾಡಿದೆ. ಮಾಡಲಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ. ಯಾರದಾದರೂ ತಪ್ಪಿದ್ದರೆ ಬೈದುಕೊಂಡು ಹಗುರ ಆಗಬಹುದಿತ್ತು.

ಇದನ್ನು ದಾಟಿ ಬಂದವರು ಹೇಳಿ. ಏನು ಉಳಿಯಿತು, ಏನು ಹೋಯಿತು? "ಕಾಲ ಎಲ್ಲ ಸರಿ ಮಾಡುತ್ತೆ" ಅಂತ ದಯವಿಟ್ಟು ಬರೆಯಬೇಡಿ. ಅದನ್ನು ಅಮ್ಮ ಆಗಲೇ ಹೇಳಿದ್ದಾರೆ.

ಕಾಫಿ ಡಿಕಾಕ್ಷನ್

ಒಂದೇ ಕ್ಲಿಕ್ಕಿನ ಫೋಟೋ! ನನ್ನ ಗೆಳೆಯನ ಆಲ್ಬಮ್ಮಿನಲ್ಲಿ ನನ್ನದು ಎಡಗಿವಿ ಮಾತ್ರ ಇದೆ ಗುರು. ಅವನ ಮಗಳಿಗೆ ಅದನ್ನೇ ತೋರಿಸಿ "ಇದು ನಾನು" ಅನ್ನುತ್ತೇನೆ.

ಆದರೆ ಒಂದು ಶಾಸ್ತ್ರವೂ ಇಲ್ಲ ಅನ್ನೋದು ಜಾಸ್ತಿ ಆಯಿತು. ನಿಮ್ಮ ಹಾಸನದ ಕಡೆ ಧಾರೆಗೆ ಎಲ್ಲರೂ ಸಾಲಾಗಿ ನಿಂತು ಹಾಲು ಎರೆಯುತ್ತಾರಲ್ವಾ? ನೆಂಟರೇ ಆಗಬೇಕು ಅಂತೇನಿಲ್ಲವಲ್ಲ. ನೀವು ಎರೆಯಲಿಲ್ವಾ?

ಅರಸೀಕೆರೆ ಪ್ಯಾಸೆಂಜರ್

ಎರೆದೆ. ಛತ್ರದ ಬಾಗಿಲ ತನಕ ಸಾಲಿತ್ತು. ನನ್ನ ಮುಂದೆ ಹುಡುಗಿ ಕಡೆಯ ಯಾರೋ ಅಜ್ಜಿ, ಹಿಂದೆ ಅವನ ಆಫೀಸಿನ ಮ್ಯಾನೇಜರ್. ಪುರೋಹಿತರು "ಬೇಗ ಬೇಗ, ಸ್ವಲ್ಪ ಸ್ವಲ್ಪ ಹಾಕಿ" ಅನ್ನುತ್ತಿದ್ದರು. ಕೆಳಗಿಟ್ಟಿದ್ದ ಹರಿವಾಣದಲ್ಲಿ ಹಾಲು ತುಂಬಿ ಅಂಚಿಗೆ ಬಂದಿತ್ತು. ಅವರಿಬ್ಬರ ಕೈಯಲ್ಲಿದ್ದ ತೆಂಗಿನಕಾಯಿ ಮೇಲೆ ಹಾಲು ಬಿಟ್ಟೆ. ಅವನು ಬಾಸಿಂಗದ ಕೆಳಗಿಂದ ಕಣ್ಣೆತ್ತಿ "ತಿಂಡಿ ತಿಂದ್ಯಾ?" ಅಂದ. ಅಷ್ಟೇ. ಮ್ಯಾನೇಜರ್ ಬಂದರು, ನಾನು ಇಳಿದೆ.

ನೀವು ಹೇಳಿದ್ದು ಸರಿ, ಅಲ್ಲಿ ನನಗೂ ಪಾಲಿತ್ತು. ಆದರೆ ಅದು ಊರಿಗೆಲ್ಲ ಇದ್ದ ಪಾಲು.

ಮಡಿಕೇರಿ ಮಂಜು

ನಮ್ಮಲ್ಲಿ ಇದೆ! ಕೊಡವರ ಮದುವೆಯಲ್ಲಿ ಪುರೋಹಿತರಿಲ್ಲ, ಹಿರಿಯರೇ ಎಲ್ಲ ನಡೆಸುತ್ತಾರೆ. ಮದುಮಗನ ಜೊತೆಗೆ ಬೋಜಕಾರ ಅಂತ ಒಬ್ಬ ಇರುತ್ತಾನೆ. ಮದುಮಗಳ ಜೊತೆ ಬೋಜಕಾರ್ತಿ. ಮದುಮಗ ಎಲ್ಲಿ ಹೋದರೂ ಅವನು ಬಗಲಲ್ಲೇ. ನಾನು ಒಂದು ಸಲ ಬೋಜಕಾರ ಆಗಿದ್ದೆ. ಕುಪ್ಯ ಹಾಕಿಕೊಂಡು ಆ ಸೆಖೆಯಲ್ಲಿ ಇಡೀ ದಿನ ನಿಂತು ಕಾಲು ಊದಿತ್ತು. ಆದರೆ ನಾನು ಯಾರು ಅಂತ ಅಲ್ಲಿ ಯಾರೂ ಕೇಳಲಿಲ್ಲ. ನಿಂತ ಜಾಗವೇ ಹೇಳುತ್ತಿತ್ತು.

ಆದರೂ ಒಂದು ಮಾತು ಹೇಳಬೇಕು. ಇಡೀ ದಿನ ಪಕ್ಕದಲ್ಲಿ ನಿಂತ ಆ ಗೆಳೆಯ ಈಗ ಕೆನಡಾದಲ್ಲಿದ್ದಾನೆ. ವರ್ಷಕ್ಕೊಂದು ಸಲ ಹುತ್ತರಿಗೆ ಮೆಸೇಜ್ ಬರುತ್ತದೆ. ಹಾಗಾಗಿ ಶಾಸ್ತ್ರ ಇದ್ದರೆ ಸ್ನೇಹ ಉಳಿಯುತ್ತದೆ ಅಂತ ನಂಬಬೇಡಿ.

ಕುಡ್ಲದವ

ನಮ್ಮ ಇಗರ್ಜಿ ಮದುವೆಯಲ್ಲೂ ಬೆಸ್ಟ್ ಮ್ಯಾನ್ ಇದ್ದಾನೆ. ಪಾದ್ರಿಯವರ ಎದುರು ರಿಜಿಸ್ಟರಿನಲ್ಲಿ ಸಾಕ್ಷಿಗಳ ಸಹಿಯೂ ಬೇಕು. ನಮ್ಮ ಬ್ಯಾರಿ ಗೆಳೆಯರ ನಿಕಾಹಿಗೂ ಇಬ್ಬರು ಸಾಕ್ಷಿಗಳು. ಆದರೆ ನನಗೆ ನೆನಪಿರುವುದು ಇವ್ಯಾವುದೂ ಅಲ್ಲ, ಹಿಂದಿನ ದಿನದ ರೋಸ್. ಮದುಮಗನನ್ನು ಕುಳ್ಳಿರಿಸಿ ತಲೆಗೆ ಎಣ್ಣೆ, ಮೈಗೆ ತೆಂಗಿನ ಹಾಲು ಹಚ್ಚುತ್ತಾರೆ. ಹಿರಿಯರು ಮರ್ಯಾದೆಯಿಂದ ಶುರು ಮಾಡುತ್ತಾರೆ. ಕೊನೆಗೆ ಗೆಳೆಯರ ಕೈಗೆ ಬಂದಾಗ ಏನಾಗುತ್ತದೆ ಅಂತ ಕೇಳಬೇಡಿ ಮಾರಾಯ್ರೆ. ಮೂಗಿನೊಳಗೂ ತೆಂಗಿನ ಹಾಲು.

ಅದು ಬ್ರಹ್ಮಚಾರಿ ದಿನಗಳಿಗೆ ವಿದಾಯ. ನಿಮಗೆ ಬೇಸರ ಆಗಿದ್ದು ಇದಕ್ಕೇ ಇರಬಹುದು. ನಿಮ್ಮಲ್ಲಿ ಬರುವವಳನ್ನು ಮನೆ ತುಂಬಿಸಿಕೊಳ್ಳುವುದಕ್ಕೆ ಶಾಸ್ತ್ರ ಇದೆ. ಅವನು ನಿಮ್ಮ ರೂಮು ಬಿಟ್ಟು ಹೋಗುವುದಕ್ಕೆ ಏನೂ ಇಲ್ಲ.

ಲೆಕ್ಕದ ಮೇಷ್ಟ್ರು

ಭಾವನೆ ಪಕ್ಕಕ್ಕಿಡಿ, ಸ್ವಲ್ಪ ಲೆಕ್ಕ ನೋಡೋಣ.

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ರಾಬಿನ್ ಡನ್‌ಬಾರ್ ಮನುಷ್ಯನ ಸಂಬಂಧಗಳನ್ನು ಎಣಿಸಿದವರು. ತೀರಾ ಹತ್ತಿರದ ವರ್ತುಲದಲ್ಲಿ ಸುಮಾರು 5 ಜನ ಮಾತ್ರ ಹಿಡಿಯುತ್ತಾರೆ ಅನ್ನೋದು ಅವರ ವಾದ. ಹೊಸದಾಗಿ ಪ್ರೀತಿಯಲ್ಲಿ ಬಿದ್ದವರು ಸರಾಸರಿ ಇಬ್ಬರು ಆಪ್ತರನ್ನು ಕಳೆದುಕೊಳ್ಳುತ್ತಾರೆ ಅಂತಲೂ 2010ರಲ್ಲಿ ಹೇಳಿದ್ದರು. ಕಾರಣ ದ್ವೇಷ ಅಲ್ಲ, ಸಮಯ. ದಿನಕ್ಕೆ ಇರೋದೇ 24 ಗಂಟೆ.

ಇನ್ನೊಂದು, ಅಮೆರಿಕದ ಕ್ಯಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನ. ಪರಿಚಯದವರು ಹಗುರ ಸ್ನೇಹಿತರಾಗಲು ಸುಮಾರು 50 ಗಂಟೆ ಒಟ್ಟಿಗೆ ಕಳೆಯಬೇಕು. ಆಪ್ತ ಸ್ನೇಹಿತರಾಗಲು 200 ಗಂಟೆಗೂ ಜಾಸ್ತಿ. ಒಂದೇ ರೂಮಿನಲ್ಲಿ ಇದ್ದರೆ 200 ಗಂಟೆ ಎರಡು ಮೂರು ತಿಂಗಳಲ್ಲಿ ತಾನಾಗಿ ಆಗುತ್ತದೆ. ವಾರಕ್ಕೊಂದು ಗಂಟೆ ಫೋನಿನಲ್ಲಿ ಮಾತಾಡಿದರೆ ಹತ್ತಿರ ಹತ್ತಿರ 4 ವರ್ಷ ಬೇಕು. ಆ ಗೆಳೆಯನ ಹತ್ತಿರ ನಿಮ್ಮ ಗಂಟೆಗಳು ಆಗಲೇ ಜಮಾ ಆಗಿವೆ, ಅವೆಲ್ಲೂ ಹೋಗಲ್ಲ. ನೀವು ಚಿಂತೆ ಮಾಡಬೇಕಾದ್ದು ಮುಂದಿನ ಗೆಳೆಯನ ಬಗ್ಗೆ. ಮೂವತ್ತು ದಾಟಿದ ಮೇಲೆ ಹೊಸಬರ ಜೊತೆ 200 ಗಂಟೆ ಎಲ್ಲಿಂದ ತರುತ್ತೀರಿ?

ಕಾಫಿ ಡಿಕಾಕ್ಷನ್

ಮೇಷ್ಟ್ರೇ, ಸಮಾಧಾನ ಮಾಡೋಕೆ ಬಂದ್ರಾ, ಹೆದರಿಸೋಕೆ ಬಂದ್ರಾ?

ಧಾರವಾಡದಾಕಿ

ಇಲ್ಲಿ ಎಲ್ಲ ಗಂಡಸರೇ ಮಾತಾಡುತ್ತಿದ್ದೀರಿ, ಹಾಗಾಗಿ ನಮ್ಮ ಕಡೆಯದನ್ನೂ ಹೇಳುತ್ತೇನೆ. ನಿಮ್ಮ ಗೆಳೆಯ ಮದುವೆಯಾದರೆ ಬೇರೆ ಏರಿಯಾಕ್ಕೆ ಹೋಗುತ್ತಾನೆ. ನಮ್ಮ ಗೆಳತಿ ಮದುವೆಯಾದರೆ ಊರು, ಅಡ್ಡಹೆಸರು, ಏಳುವ ಹೊತ್ತು, ಉಡುವ ಬಟ್ಟೆ ಎಲ್ಲ ಬದಲಾಗುತ್ತದೆ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡೋದಾ ಅನ್ನುವ ಪ್ರಶ್ನೆಯೇ ಇಲ್ಲ. ಮಧ್ಯಾಹ್ನ ಹನ್ನೊಂದಕ್ಕೂ ಮಾಡುವ ಹಾಗಿಲ್ಲ, ಆಗ ಅಡುಗೆ ಮನೆಯಲ್ಲಿ ಅತ್ತೆ ಇರುತ್ತಾರೆ.

ನನ್ನ ಗೆಳತಿಯನ್ನು ವಿಜಯಪುರದ ಕಡೆ ಕೊಟ್ಟರು. ಅರಿಷಿಣದ ದಿನ ಸುರಗಿ ಸುತ್ತುವಾಗ ನಾಲ್ಕು ಮೂಲೆಯ ತಂಬಿಗೆಗೆ ನೂಲು ಸುತ್ತುತ್ತಾರಲ್ಲ, ಅವಳು ಆ ನೂಲಿನ ಒಳಗೆ ಕೂತಿದ್ದಳು, ನಾನು ಹೊರಗೆ. ಆಮೇಲೆ ಬಹಳ ದಿನ ಹಾಗೇ ಆಯಿತು. ಫೋನ್ ಮಾಡಿದರೆ "ಆರಾಮ? ಊಟ ಆತಾ?" ಅಷ್ಟೇ. ಹಾಸ್ಟೆಲ್ಲಿನಲ್ಲಿ ಬೆಳಗಿನ ಜಾವದ ತನಕ ಮಾತಾಡಿದವಳು! ನನಗೆ ಸಿಟ್ಟು ಬಂತು. ಅವಳಿಗೆ ನಾನು ಬೇಡವಾದೆ ಅಂದುಕೊಂಡೆ.

ಒಂದು ಸಲ ಸೊಲ್ಲಾಪುರಕ್ಕೆ ಹೋಗುವ ಕೆಲಸ ಬಂತು. ದಾರಿಯಲ್ಲಿ ಇಳಿದು ಅವರ ಮನೆಗೇ ಹೋದೆ. ಅವಳ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ನಾನು ಸುಮ್ನೆ ಪಕ್ಕದಲ್ಲಿ ಕೂತು ಹಿಟ್ಟು ನಾದಿ ಬಡಿಯೋಕೆ ಶುರು ಮಾಡಿದೆ. ನನ್ನ ಮೊದಲ ರೊಟ್ಟಿ ಒಡೆಯಿತು. ಅತ್ತೆ ನಕ್ಕು "ನೀರು ಇನ್ನಷ್ಟು ಕುದೀಬೇಕಿತ್ತು, ಜಿಗಿ ಬಂದಿಲ್ಲ" ಅಂದು ತಾವೇ ತೋರಿಸಿದರು. ಆ ಮಧ್ಯಾಹ್ನ ಅವರ ಮೊಣಕಾಲು ನೋವು, ಅವರ ತವರು, ಅವರ ಸತ್ತುಹೋದ ತಂಗಿ ಎಲ್ಲ ಮಾತು ಆಯಿತು. ಅಂದಿನಿಂದ ನಾನು ಫೋನ್ ಮಾಡಿದರೆ ಅತ್ತೆಯೇ "ನಿನ್ನ ಗೆಳತಿ ಫೋನ್ ಐತಿ, ಹೊರಗ ಹೋಗಿ ಮಾತಾಡು" ಅನ್ನುತ್ತಾರೆ.

ಹಾಗಾಗಿ ಹೇಳೋದು, ಫೋನ್ ಹಿಡಿದುಕೊಂಡು ಮೊದಲಿನ ಸ್ನೇಹ ಹುಡುಕಬೇಡಿ. ಆ ಹೊಸ ಮನೆಯಲ್ಲಿ ನಿಮಗೊಂದು ಜಾಗ ನೀವೇ ಮಾಡಿಕೊಳ್ಳಬೇಕು. ಅವರು ಕರೆದು ಕೊಡಲಿ ಅಂತ ಕಾದರೆ ಆಗೋದಿಲ್ಲ. ಅವರ ಕೈಯಲ್ಲೂ ಇನ್ನೂ ಏನೂ ಇರೋದಿಲ್ಲ.

ಹೊಸ ಅಳಿಯ

ನಾನು ಆ ಕಡೆಯವನು, ಹೋದ ವರ್ಷ ಮದುವೆಯಾದವನು. ನಮ್ಮ ಗೋಳನ್ನೂ ಸ್ವಲ್ಪ ಕೇಳಿ.

ಮದುವೆಯಾದ ಮಾರನೇ ದಿನದಿಂದ ಗೆಳೆಯರ ಗುಂಪು ಸೈಲೆಂಟ್. "ಹೊಸ ಜೋಡಿ, ಡಿಸ್ಟರ್ಬ್ ಮಾಡಬಾರದು" ಅಂತೆ. ಯಾವ ಡಿಸ್ಟರ್ಬು ಸ್ವಾಮಿ? ಪ್ರತಿ ಭಾನುವಾರ ಒಬ್ಬೊಬ್ಬ ನೆಂಟರ ಮನೆ ಊಟ. ಒಂದೇ ಸಿಲ್ಕ್ ಶರ್ಟು, ಒಂದೇ ಹೋಳಿಗೆ, ಒಂದೇ ಪ್ರಶ್ನೆ. ಹೆಂಡತಿಯ ದೊಡ್ಡಪ್ಪನ ಎದುರು ಕೂತು ಅಡಿಕೆ ರೇಟಿನ ಬಗ್ಗೆ ತಲೆಯಾಡಿಸುವಾಗ ನನಗೆ ಬೇಕಾಗಿದ್ದು ಒಬ್ಬ ಹಳೇ ಗೆಳೆಯನ ಕೆಟ್ಟ ಜೋಕು. ಒಬ್ಬನೂ ಕಳಿಸಲಿಲ್ಲ. ಅವರೆಲ್ಲ ನನ್ನನ್ನು ಬಿಟ್ಟರು ಅಂತ ನಾನು, ನಾನು ಅವರನ್ನು ಮರೆತೆ ಅಂತ ಅವರು.

ಪ್ಯಾಸೆಂಜರ್ ಅವರೇ, ಆಷಾಢಕ್ಕೆ ಕಾಯಿರಿ. ಮೊದಲ ಆಷಾಢಕ್ಕೆ ಹುಡುಗಿ ತವರಿಗೆ ಹೋಗುತ್ತಾಳೆ. ಒಂದು ತಿಂಗಳು ಅವನು ನಿಮ್ಮವನೇ. ಯಾವ ನೆಂಟರ ಮದುವೆಯೂ ಇರಲ್ಲ. ಹಿರಿಯರು ಏನು ಲೆಕ್ಕ ಹಾಕಿ ಈ ಪದ್ಧತಿ ಮಾಡಿದರೋ, ಗೆಳೆಯರಿಗಂತೂ ಉಪಕಾರ ಮಾಡಿದ್ದಾರೆ.

ಧಾರವಾಡದಾಕಿ

ಆಷಾಢಕ್ಕೆ ಯಾಕೆ ಕಾಯಬೇಕು ರೀ? ಹೆಂಡತಿ ಇಲ್ಲದಾಗ ಬಂದು ಹೋಗುವ ಗೆಳೆಯ ಅಂದರೆ ಯಾವ ಹೆಂಡತಿಗೂ ಅನುಮಾನವೇ. ಅವಳು ಇದ್ದಾಗಲೇ ಹೋಗಿ. ಅವಳಿಗೂ ಆ ಊರಿನಲ್ಲಿ ಯಾರೂ ಪರಿಚಯ ಇರೋದಿಲ್ಲ.

ಹೊಸ ಅಳಿಯ

ಒಪ್ಪಿದೆ ಅಕ್ಕಾ. ಇದನ್ನು ನನ್ನ ಹೆಂಡತಿಗೂ ತೋರಿಸಿದೆ. ಅವಳೂ ನಿಮ್ಮ ಕಡೆಯೇ.

ಹಳೇ ಅಂಬಾಸಿಡರ್

ತಮ್ಮಾ, ನನಗೆ ಅರವತ್ತು ದಾಟಿದೆ. ಮಂಡ್ಯದ ಕಡೆಯವನು. ನೀನು ಸ್ನೇಹಿತನಿಗೆ ಶಾಸ್ತ್ರ ಇಲ್ಲ ಅಂದೆ. ನಮ್ಮ ಕಾಲದಲ್ಲಿ ಒಂದಿತ್ತು, ಮುಯ್ಯಿ. ಮಂಟಪದ ಪಕ್ಕ ಒಬ್ಬರು ಉದ್ದ ನೋಟ್‌ಬುಕ್ ಹಿಡಿದು ಕೂತಿರುತ್ತಿದ್ದರು. ಹೆಸರು, ಊರು, ಎಷ್ಟು ಹಾಕಿದರು, ಎಲ್ಲ ಬರೆಯುತ್ತಿದ್ದರು. ಅವರ ಮನೆಯಲ್ಲಿ ಮದುವೆಯಾದಾಗ ಆ ಪುಸ್ತಕ ತೆಗೆದು ನೋಡಿ, ಅದಕ್ಕೆ ಸ್ವಲ್ಪ ಸೇರಿಸಿ ಹಾಕಬೇಕು. ನೆಂಟರು, ಸ್ನೇಹಿತರು ಅಂತ ಭೇದ ಇಲ್ಲ. ಜನ ಇದನ್ನು ಬರೀ ದುಡ್ಡು ಅಂದುಕೊಳ್ಳುತ್ತಾರೆ. ನಾನು ಹಾಗೆ ನೋಡುವುದಿಲ್ಲ. ನೀನು ಮತ್ತೆ ಈ ಮನೆಗೆ ಬರಲೇಬೇಕು, ಇವರೂ ನಿನ್ನ ಮನೆಗೆ ಬರಲೇಬೇಕು ಅಂತ ಬರೆದಿಟ್ಟ ಹಾಗೆ ಅದು. ಈಗ ಕಾರ್ಡಿನ ಕೆಳಗೆ "ಆಶೀರ್ವಾದವೇ ಉಡುಗೊರೆ" ಅಂತ ಹಾಕುತ್ತಾರೆ. ಒಳ್ಳೆಯದೇ. ಆದರೆ ಆಶೀರ್ವಾದಕ್ಕೆ ಲೆಕ್ಕ ಇಲ್ಲ, ಲೆಕ್ಕ ಇಲ್ಲದ್ದು ಮರೆತುಹೋಗುತ್ತದೆ.

ಇನ್ನು ನಿನ್ನ ಪ್ರಶ್ನೆ. ನನ್ನ ಗೆಳೆಯನ ಮದುವೆ 1989ರಲ್ಲಿ. ಆಮೇಲೆ ಹತ್ತು ಹನ್ನೆರಡು ವರ್ಷ ಅವನು ಸಿಕ್ಕಿದ್ದೇ ಅಪರೂಪ. ಅವನಿಗೆ ಟ್ರಾನ್ಸ್‌ಫರ್, ನನಗೆ ಮನೆ ಸಾಲ, ಮಕ್ಕಳ ಸ್ಕೂಲು, ಅಮ್ಮನ ಕಾಯಿಲೆ. ಜಗಳ ಏನಿಲ್ಲ. ಎದುರು ಸಿಕ್ಕರೆ ನಗು, ಅಷ್ಟೇ. ಆ ವರ್ಷಗಳಲ್ಲಿ ನೀನು ನನ್ನನ್ನು ಕೇಳಿದ್ದರೆ ಆ ಸ್ನೇಹ ಮುಗಿಯಿತು ಅನ್ನುತ್ತಿದ್ದೆ.

ಆಮೇಲೆ ಅವನ ಮಗಳ ಮದುವೆ ಬಂತು. ಕಾರ್ಡು ಹಿಡಿದು ಬಂದವನು ಕುರ್ಚಿಯಲ್ಲೂ ಕೂರಲಿಲ್ಲ. "ನೀನು ಕಾರ್ಡಿನ ಜನ ಅಲ್ಲ, ಎರಡು ದಿನ ಮೊದಲೇ ಬಂದುಬಿಡು, ಅಡುಗೆ ಮನೆ ಉಗ್ರಾಣ ನಿಂದು" ಅಂತ ಕೀಲಿ ಕೈಗಿಟ್ಟ. ಉಗ್ರಾಣದ ಕೀಲಿ ಯಾರಿಗೆ ಕೊಡುತ್ತಾರೆ ಅಂತ ಮದುವೆ ಮಾಡಿದವರಿಗೆ ಗೊತ್ತು. ತುಪ್ಪ, ಸಕ್ಕರೆ, ಗೋಡಂಬಿ ಎಲ್ಲ ಅಲ್ಲೇ. ಸ್ವಂತ ತಮ್ಮನಿಗೂ ಕೊಡಲ್ಲ. ಈಗ ಇಬ್ಬರೂ ರಿಟೈರ್ ಆಗಿದ್ದೇವೆ, ಬೆಳಿಗ್ಗೆ ಒಟ್ಟಿಗೆ ವಾಕಿಂಗ್, ಒಟ್ಟಿಗೆ ಶುಗರ್ ಟೆಸ್ಟು.

ಹಾಗಂತ ನಿನಗೂ ಹೀಗೇ ಆಗುತ್ತದೆ ಅಂತ ಹೇಳಲಾರೆ. ನನ್ನ ಇನ್ನೊಬ್ಬ ಗೆಳೆಯ ಹಾಗೇ ಹೋದ. ಅವನು ತೀರಿಕೊಂಡಿದ್ದು ನನಗೆ ಪೇಪರಿನಲ್ಲಿ ಗೊತ್ತಾಯಿತು.

ತುಂಗಾತೀರ

ಅಂಬಾಸಿಡರ್ ಸಾರ್, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಮುಯ್ಯಿಯನ್ನು ಅಷ್ಟು ಹೊಗಳಬೇಡಿ. ನಮ್ಮಪ್ಪ ಮುಯ್ಯಿ ತೀರಿಸೋಕೆ ಬಡ್ಡಿಗೆ ದುಡ್ಡು ತಂದಿದ್ದನ್ನು ನೋಡಿದ್ದೇನೆ. ದುಡ್ಡಿಲ್ಲದ ವರ್ಷ ಮದುವೆಗೇ ಹೋಗಲಿಲ್ಲ. ಇದ್ದ ಸ್ನೇಹ ಕೂಡ ಹಾಗೆ ಹಾಳಾಯಿತು.

ಪ್ಯಾಸೆಂಜರ್ ಅವರಿಗೆ ನನ್ನ ಅನುಭವ. ನನ್ನ ಗೆಳತಿಯೊಬ್ಬಳು ತೀರ್ಥಹಳ್ಳಿ ಹತ್ತಿರದ ಕುಪ್ಪಳಿಯಲ್ಲಿ ಮಂತ್ರಮಾಂಗಲ್ಯ ಮಾಡಿಕೊಂಡಳು. ಕುವೆಂಪು ರೂಪಿಸಿದ ಸರಳ ಮದುವೆ ಅದು. ವರದಕ್ಷಿಣೆ ಇಲ್ಲ, ರಾಹುಕಾಲ ಗುಳಿಕಕಾಲ ಇಲ್ಲ, ಆಡಂಬರ ಇಲ್ಲ. ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ 1966ರಲ್ಲಿ ಹೀಗೇ ಆಗಿದ್ದು. ಪ್ರತಿಜ್ಞೆಯ ಮಾತುಗಳನ್ನು ಒಬ್ಬರು ಓದಬೇಕು, ಜೋಡಿ ಅದನ್ನು ಹೇಳಬೇಕು. ಪುರೋಹಿತರೇ ಆಗಬೇಕಿಲ್ಲ. ನಮ್ಮವಳು ಓದೋದಕ್ಕೆ ನನ್ನನ್ನು ಹಿಡಿದಳು. ಜಾತಿಯ ಮೇಲು ಕೀಳಿನಿಂದ ಇವತ್ತು ನೀವು ಬಿಡುಗಡೆಯಾದಿರಿ ಅನ್ನುವ ಅರ್ಥದ ಮಾತು ಬಂದಾಗ ಎದುರಿಗೆ ಅವಳ ಅಪ್ಪ ಕೂತಿದ್ದರು. ಬೇರೆ ಜಾತಿ ಹುಡುಗ ಅಂತ ಆರು ತಿಂಗಳು ಮಗಳ ಹತ್ತಿರ ಮಾತು ಬಿಟ್ಟಿದ್ದವರು. ನನ್ನ ಗಂಟಲು ಕಟ್ಟಿತು. ಅವರು ಎದ್ದು ಹೋಗಲಿಲ್ಲ. ನೆಲ ನೋಡುತ್ತಾ ಕೂತಿದ್ದರು, ಅಷ್ಟೇ. ನಮಗೆ ಅಷ್ಟೇ ಸಾಕಾಗಿತ್ತು.

ರಿಜಿಸ್ಟರ್ ಮದುವೆಯಲ್ಲೂ ಗೆಳೆಯರಿಗೇ ಕೆಲಸ. 1954ರ ವಿಶೇಷ ವಿವಾಹ ಕಾಯ್ದೆಯಡಿ ನೋಟಿಸ್ ಕೊಟ್ಟು 30 ದಿನ ಕಾಯಬೇಕು. ಆಮೇಲೆ ಅಧಿಕಾರಿಯ ಎದುರು 3 ಸಾಕ್ಷಿಗಳು ಸಹಿ ಹಾಕಬೇಕು. ಮನೆಯವರು ಒಪ್ಪದ ಮದುವೆಗಳಲ್ಲಿ ಆ ಮೂರು ಸಹಿ ಯಾರದು ಅಂತ ನೋಡಿ. ಬಹುತೇಕ ಗೆಳೆಯರದ್ದೇ. ಹಾಗಾಗಿ ನನಗನಿಸೋದು, ನೆಂಟರೆಲ್ಲ ಬಂದು ನಿಂತ ಮದುವೆಯಲ್ಲಿ ಗೆಳೆಯನಿಗೆ ಜಾಗ ಕಡಿಮೆ ಆದರೆ ಅದು ಒಂದು ರೀತಿ ಪುಣ್ಯ. ನಿಮ್ಮ ಗೆಳೆಯನಿಗೆ ಎಲ್ಲರೂ ಇದ್ದರು.

ಇನ್ನೊಂದು ಮಾತು, ಬೇಜಾರಾಗಬೇಡಿ. ಆ ರಾತ್ರಿ ನೀವು ಫೋನ್ ಮಾಡದೆ ಇದ್ದಿದ್ದಕ್ಕೆ ಅವನ ಮದುವೆ ಒಂದೇ ಕಾರಣ ಅಂತ ನನಗನಿಸಲ್ಲ. ಆಪ್ತರ ಮದುವೆ ಮುಗಿಸಿ ಬಂದಾಗ ನಮ್ಮ ಮನೆ, ನಮ್ಮ ಕೆಲಸ, ನಮ್ಮ ವಯಸ್ಸು ಎಲ್ಲ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ನನಗೆ ಕುಪ್ಪಳಿಯಿಂದ ಬಂದ ಮೇಲೆ ಒಂದು ತಿಂಗಳು ಹಾಗೇ ಆಗಿತ್ತು. ಅವಳು ಅಷ್ಟು ಧೈರ್ಯ ಮಾಡಿದಳು, ನಾನು ಇಷ್ಟವಿಲ್ಲದ ಕೆಲಸ ಬಿಡೋಕೂ ಹೆದರುತ್ತಿದ್ದೇನೆ ಅಂತ. ಕೆಲಸ ಬಿಟ್ಟೆ ಅಂತ ಕಥೆ ಮುಗಿಸಿದರೆ ಚೆನ್ನಾಗಿರುತ್ತಿತ್ತು. ಬಿಟ್ಟಿಲ್ಲ, ಇನ್ನೂ ಅಲ್ಲೇ ಇದ್ದೇನೆ.

ಡಬ್ಲಿನ್ ಮಳೆ

ನೀವೆಲ್ಲ ಎಲ್ಲಿ ನಿಲ್ಲಬೇಕು ಅಂತ ಚರ್ಚೆ ಮಾಡುತ್ತಿದ್ದೀರಿ. ನನಗೆ ಹೋಗೋಕೇ ಆಗಲಿಲ್ಲ. ರಜೆ ಸಿಗಲಿಲ್ಲ, ಟಿಕೆಟ್ ರೇಟು ನೋಡಿದರೆ ತಲೆ ತಿರುಗಿತು. ಯೂಟ್ಯೂಬ್ ಲೈವ್ ಲಿಂಕ್ ಕಳಿಸಿದರು. ಮೇ ತಿಂಗಳು, ಅಲ್ಲಿ ಒಂಬತ್ತೂವರೆಯ ಮುಹೂರ್ತ ಅಂದರೆ ಇಲ್ಲಿ ಬೆಳಗಿನ ಐದು. ಜುಬ್ಬಾ ಹಾಕಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತೆ. ಯಾಕೆ ಹಾಕಿಕೊಂಡೆ ಅಂತ ಕೇಳಬೇಡಿ.

ಮುಹೂರ್ತ ಆಯಿತು, ಎಲ್ಲರೂ ಊಟಕ್ಕೆ ಎದ್ದರು. ಕ್ಯಾಮೆರಾ ಆಫ್ ಮಾಡೋದು ಯಾರಿಗೋ ಮರೆತಿತ್ತು. ಖಾಲಿ ಮಂಟಪ, ಮಕ್ಕಳು ಹೂವು ಎಸೆದಾಡುತ್ತಿದ್ದರು, ಒಬ್ಬರು ಅಜ್ಜ ಕುರ್ಚಿಯಲ್ಲೇ ನಿದ್ದೆ. ನಾನು ಅದನ್ನೂ ನೋಡುತ್ತಾ ಕೂತಿದ್ದೆ. ಆಮೇಲೆ ನನ್ನ ಗೆಳೆಯ ಪೇಟ ಕಂಕುಳಲ್ಲಿ ಇಟ್ಟುಕೊಂಡು ಮೊಬೈಲಿನಲ್ಲಿ ಲೈವ್ ತೆರೆದ. ನೋಡುತ್ತಿರುವವರು 1 ಅಂತ ತೋರಿಸಿರಬೇಕು. ಕ್ಯಾಮೆರಾ ಹತ್ತಿರ ಬಂದ. ನಾನೇ ಅಂತ ಅವನಿಗೆ ಗೊತ್ತಾಯಿತು. ಒಳಗೆ ಹೋಗಿ ಎಲೆಯಲ್ಲಿ ಹೋಳಿಗೆ ಮೇಲೆ ತುಪ್ಪ ಹಾಕಿಸಿಕೊಂಡು ಬಂದು, ಲೆನ್ಸಿನ ಮುಂದೆ ನಿಂತು, ನಿಧಾನಕ್ಕೆ ಒಂದೊಂದೇ ತುತ್ತು ತಿಂದ ಪಾಪಿ.

ಅರಸೀಕೆರೆ ಪ್ಯಾಸೆಂಜರ್

ಎಲ್ಲರಿಗೂ ಉತ್ತರ ಬರೆಯೋಕೆ ಆಗಲಿಲ್ಲ, ಆದರೆ ಎಲ್ಲ ಓದಿದೆ. ಡಬ್ಲಿನ್ ಅವರ ಹೋಳಿಗೆ ಕಥೆಗೆ ಆಫೀಸಿನಲ್ಲಿ ಒಬ್ಬನೇ ನಕ್ಕೆ.

ತುಂಗಾತೀರ ಹೇಳಿದ್ದು ಚುಚ್ಚಿತು, ಆದರೆ ನಿಜ. ಬಸ್ಸಿನಲ್ಲಿ ಬರುವಾಗ ನಾನು ಯೋಚಿಸಿದ್ದು ಬರೀ ಅವನ ಬಗ್ಗೆ ಅಲ್ಲ. ಊರಲ್ಲಿ ಅಮ್ಮ ಒಬ್ಬರೇ. ತೆಂಗಿಗೆ ಕಪ್ಪು ತಲೆ ಹುಳ ಬಿದ್ದು ಗರಿಗಳೆಲ್ಲ ಒಣಗಿವೆ. ಇಲ್ಲಿ ಕೆಲಸ ಎಷ್ಟು ದಿನವೋ ಗೊತ್ತಿಲ್ಲ. ಇಷ್ಟು ವರ್ಷ ಇದನ್ನೆಲ್ಲ ನಾನು ಯೋಚನೆ ಮಾಡಿರಲೇ ಇಲ್ಲ. ಯೋಚನೆ ಬಂದ ಕೂಡಲೇ ಪಕ್ಕದ ಮಂಚದಲ್ಲಿದ್ದ ಅವನಿಗೆ ಹೇಳಿಬಿಡುತ್ತಿದ್ದೆ. ಅವನು "ಮಲ್ಕೋ ಮಗಾ, ಬೆಳಿಗ್ಗೆ ನೋಡಣ" ಅನ್ನುತ್ತಿದ್ದ. ಬೆಳಿಗ್ಗೆ ಇಬ್ಬರಿಗೂ ಮರೆತುಹೋಗಿರುತ್ತಿತ್ತು. ಈಗ ಬೆಳಿಗ್ಗೆಯೂ ಅದು ಅಲ್ಲೇ ಇರುತ್ತದೆ. ಅಮ್ಮನ ವಿಷಯ ಒಂದು ದಾರಿಗೆ ತರಬೇಕು. ತಿಂಗಳಿಗೆ ಒಂದು ವಾರ ಊರಿಂದ ಕೆಲಸ ಮಾಡಲು ಬಿಡುತ್ತಾರಾ ಅಂತ ಆಫೀಸಿನಲ್ಲಿ ಕೇಳಿದ್ದೇನೆ. ನೋಡೋಣ.

ಬೀಗರೂಟಕ್ಕೆ ಹೋಗಿದ್ದೆ. ಧಾರವಾಡದ ಅಕ್ಕನ ಮಾತು ಕೇಳಿ ಊಟಕ್ಕೆ ಕೂರದೆ ಬಡಿಸೋಕೆ ನಿಂತೆ. ಮುದ್ದೆಯ ತಟ್ಟೆ ಹಿಡಿದು ಪಂಕ್ತಿ ಪೂರ್ತಿ ಓಡಾಡಿದರೆ ಯಾರು ಯಾರ ಮಾವ, ಯಾರಿಗೆ ಬೋಟಿ ಗೊಜ್ಜು ಬೇಡ, ಎಲ್ಲ ಗೊತ್ತಾಗುತ್ತದೆ. ಎರಡನೇ ಪಂಕ್ತಿಗೆ ಹುಡುಗಿಯ ಅಪ್ಪ ನನ್ನನ್ನು ಹೆಸರು ಹಿಡಿದು ಕೂಗಿ ಮಟನ್ ಸಾರು ಕೇಳಿದರು. ಗೆಳೆಯನ ಹತ್ತಿರ ಐದು ನಿಮಿಷವೂ ಮಾತಾಡೋಕೆ ಆಗಲಿಲ್ಲ, ನಿಜ ಹೇಳಬೇಕು ಅಂದರೆ.

ಹೊರಡುವಾಗ ಅವನ ಹೆಂಡತಿ ಬಂದು ಕೇಳಿದ್ದು, "ಅಣ್ಣಾ, ರೂಮಿನ ಅಡ್ವಾನ್ಸ್‌ನಲ್ಲಿ ಇವರದ್ದೂ ಅರ್ಧ ಇದೆಯಂತಲ್ಲ, ನಮ್ಮ ಹೊಸ ಮನೆಗೆ ಬೇಕಿತ್ತು, ಓನರ್ ಯಾವಾಗ ಕೊಡಬಹುದು?" ಪಕ್ಕದಲ್ಲಿ ಅವನು ಆಕಾಶ ನೋಡುತ್ತಿದ್ದ. ನನಗೆ ನಗು ತಡೆಯಲಾಗಲಿಲ್ಲ. ಇಷ್ಟು ವರ್ಷದಲ್ಲಿ ನಾವಿಬ್ಬರೂ ಒಮ್ಮೆಯೂ ಎತ್ತದ ವಿಷಯ! ಬೇಜಾರಾಗಲಿಲ್ಲ. ಒಬ್ಬರಾದರೂ ನೇರವಾಗಿ ಮಾತಾಡುವವರು ಬಂದರಲ್ಲ ಅನಿಸಿತು. ಮುಂದಿನ ಭಾನುವಾರ ಅವನ ಸಾಮಾನು ಸಾಗಿಸಬೇಕು, ಊಟ ಅವರ ಹೊಸ ಮನೆಯಲ್ಲಿ. ಅಡುಗೆ ನಾನೇ ಮಾಡೋದು ಅಂತ ಆಗಿದೆ. ಅವರ ಗ್ಯಾಸ್ ಕನೆಕ್ಷನ್ ಇನ್ನೂ ಬಂದಿಲ್ಲವಂತೆ, ಹಾಗಾಗಿ ನಮ್ಮ ಸಿಲಿಂಡರೂ ಆ ಟೆಂಪೋದಲ್ಲೇ ಹೋಗುತ್ತದೆ.

ಒಬ್ಬನೇ ಪೂರ್ತಿ ಬಾಡಿಗೆ ಕಟ್ಟೋಕೆ ನನ್ನಿಂದ ಆಗಲ್ಲ. ವಿಜಯನಗರದಲ್ಲಿ ಯಾರಿಗಾದರೂ ಜಾಗ ಬೇಕಿದ್ದರೆ ಹೇಳಿ. ಮೆಟ್ರೋ ನಡೆಯುವಷ್ಟು ಹತ್ತಿರ.

ಲೆಕ್ಕದ ಮೇಷ್ಟ್ರು

ನನ್ನ ತಂಗಿಯ ಮಗ ಮೈಸೂರಿನಿಂದ ಬರುತ್ತಿದ್ದಾನೆ, ಮೊದಲ ಕೆಲಸ. ಸ್ವಲ್ಪ ಮಾತು ಕಡಿಮೆ, ಆದರೆ ಪಾತ್ರೆ ತೊಳೆಯುತ್ತಾನೆ. ಬಾಡಿಗೆ ಎಷ್ಟು? ನೀರು ಕಾವೇರಿನಾ, ಬೋರಾ?

ಅರಸೀಕೆರೆ ಪ್ಯಾಸೆಂಜರ್

ಎರಡೂ ಇದೆ ಮೇಷ್ಟ್ರೇ. ಕಾವೇರಿ ದಿನ ಬಿಟ್ಟು ದಿನ. ನಾನ್‌ವೆಜ್ ಮಾಡಿದರೆ ಓನರ್ ಏನೂ ಅನ್ನಲ್ಲ, ಅವರಿಗೂ ಒಂದು ಬಟ್ಟಲು ಕೊಡಬೇಕು ಅಷ್ಟೇ. ಬಾಡಿಗೆ ಮೆಸೇಜ್ ಮಾಡಿದ್ದೇನೆ, ನೋಡಿ. ಹುಡುಗನಿಗೆ ನನ್ನ ನಂಬರ್ ಕೊಡಿ.